ಗಾದೆಪ್ಪನ ಕೂಗು, ಪೆಟ್ಟಿಗೆಗಳ ಪಿಸುಮಾತು

ಕೊಟ್ಟೂರಿನಿಂದ ಉಜ್ಜಿನಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಕೆಂಚವ್ವನಹಾಳು ಸಿಗುತ್ತದೆ. ಹೊರಳುವ ಜಾಗದಲ್ಲಿ ಬೋರ್ಡು ಇಲ್ಲ, ಇದ್ದರೂ ಯಾರೂ ಓದುವುದಿಲ್ಲ. ಬಸ್ಸಿಳಿದವರು ಜಾಲಿಗಿಡದ ಬುಡದಲ್ಲಿ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಊರ ಕಡೆಯಿಂದ ಗಾದೆಪ್ಪನ ದನಿ ಬರುತ್ತದೆ. ಆ ದನಿಯ ಬಾಲ ಹಿಡಿದು ನಡೆದರೆ ಊರು ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಹೀಗಂತ ಹೇಳುವವನು ಗಾದೆಪ್ಪನೇ.

ಗಾದೆಪ್ಪ ಆ ಊರಿನ ನೀರಗಂಟಿ. ಅವನಪ್ಪ ಕೆರೆಯ ತೂಬಿನ ಮೇಲೆ ಕೂತು ಹೊಲಗಳಿಗೆ ಪಾಳಿ ಪ್ರಕಾರ ನೀರು ಬಿಡುತ್ತಿದ್ದ. ಗಾದೆಪ್ಪನ ಕಾಲಕ್ಕೆ ನೀರು ಕೆರೆ ಬಿಟ್ಟು ಟ್ಯಾಂಕು ಹತ್ತಿತು, ಟ್ಯಾಂಕು ಇಳಿದು ಪೈಪಿಗೆ ಬಂತು, ಪೈಪಿನಿಂದ ಮನೆಮನೆಯ ನಳಕ್ಕೆ ಹೋಯಿತು. ಪಂಚಾಯ್ತಿಯವರು ಓಣಿಗೊಂದು ವಾಲ್ ಕೂರಿಸಿ, ಅದನ್ನು ತಿರುವಲು ಆಳುದ್ದದ ಕಬ್ಬಿಣದ ಚಾವಿಯೊಂದನ್ನು ಗಾದೆಪ್ಪನ ಹೆಗಲಿಗೆ ಹೊರಿಸಿದರು. ಮನೆಯಲ್ಲಿ ಕುರಿಯೂ ಇದ್ದವು. ಅವನ್ನು ಕಾಯಲು ತಮ್ಮ ಸೋಮಪ್ಪ ಹೋಗುತ್ತಿದ್ದ, ಗಾದೆಪ್ಪನನ್ನು ಕಳಿಸಲು ಅಪ್ಪ ಒಪ್ಪಿರಲಿಲ್ಲ. ಯಾಕೆಂದರೆ ಗಾದೆಪ್ಪ ಒಂದು ಸಲ ‘ಹೋ’ ಅಂದರೆ ಬೆದರಿದ ಕುರಿ ಹಗರಿಬೊಮ್ಮನಹಳ್ಳಿ ಮುಟ್ಟಿಯೇ ನಿಲ್ಲುತ್ತವೆ, ಅವನ್ನು ತಿರುಗಿ ಹೊಡೆದುಕೊಂಡು ಬರುವಷ್ಟರಲ್ಲಿ ಕತ್ತರಿಸಿದ ಉಣ್ಣೆ ಮತ್ತೆ ಬೆಳೆದಿರುತ್ತದೆ.

ನೀರು ಬಿಡುವ ಕೆಲಸಕ್ಕೆ ಆ ಊರಲ್ಲಿ ಅಪ್ಪನ ಕಾಲದಿಂದ ಬಂದ ಒಂದು ಕಟ್ಟಳೆ ಇತ್ತು. ವಾಲ್ ತೆರೆದವನು ‘ಬಂತೇನೋ’ ಎಂದು ಕೂಗಬೇಕು. ಓಣಿಯ ಕಡೆಯ ಮನೆಯವರು ‘ಬಂತೋ’ ಎಂದು ತಿರುಗಿ ಕೂಗಬೇಕು. ಆ ಉತ್ತರ ಕಿವಿಗೆ ಬಿದ್ದ ಮೇಲೆಯೇ ನೀರಗಂಟಿ ಅಲ್ಲಿಂದ ಕಾಲು ಕೀಳಬೇಕು. ಒಂದು ಬ್ಯಾಸಗಿಯಲ್ಲಿ ಗಾದೆಪ್ಪ ಟ್ಯಾಂಕಿನ ಬುಡದಲ್ಲಿ ನಿಂತು ‘ಬಂತೇನೋ’ ಅಂದನಂತೆ. ಊರಿನವರಾರೂ ಉತ್ತರ ಕೊಡಲಿಲ್ಲ. ಹಡಗಲಿ ಕಡೆಯಿಂದ ಮಲ್ಲಿಗೆ ಮೊಗ್ಗು ಬಿಡಿಸುತ್ತಿದ್ದ ಹೆಣ್ಣುಮಗಳೊಬ್ಬಳು, ‘ಇಲ್ಲಪೋ, ನಮಗಿನ್ನೂ ಬಂದಿಲ್ಲ’ ಅಂದಳಂತೆ. ಅದೇ ಕೂಗಿಗೆ ತೆಲಿಗಿಯಿಂದ ಹೊರಟಿದ್ದ ಬಸ್ಸಿನ ಡ್ರೈವರು ಯಾರೋ ಕೈ ಮಾಡಿದರೆಂದು ಬ್ರೇಕ್ ಒತ್ತಿ, ಇಳಿದು ಸುತ್ತೆಲ್ಲ ನೋಡಿ, ಯಾರನ್ನೂ ಕಾಣದೆ ಹೆದರಿ, ಹರಪನಹಳ್ಳಿಗೆ ಹೋಗಿ ತಾಯತ ಕಟ್ಟಿಸಿಕೊಂಡನಂತೆ. ಸಾಕ್ಷಿ ಕೇಳಿದರೆ ಗಾದೆಪ್ಪ ಆ ಬಸ್ಸನ್ನೇ ತೋರಿಸುತ್ತಾನೆ.

ಇಷ್ಟು ಬಾಯಿ ಇದ್ದವನಿಗೆ ಕಿವಿ ಮಾತ್ರ ಅಷ್ಟಕ್ಕಷ್ಟೇ. ಕಿವುಡನಲ್ಲ, ಕೇಳಿಸಿಕೊಳ್ಳಲು ಪುರಸೊತ್ತು ಇರಲಿಲ್ಲ. ಇದನ್ನೂ ಅವನೇ ಹೇಳುವನು: “ದೇವ್ರು ಮೊದ್ಲು ಬಾಯಿ ಕೊಟ್ಟ. ಆಮ್ಯಾಲೆ ಕಿವಿ ಹೆಂಗ ಬಳಸಬೇಕು ಅಂತ ಹೇಳಾಕ ಹತ್ತಿದ. ಅಷ್ಟೊತ್ತಿಗೆ ನಾನು ಮಾತು ಸುರು ಮಾಡಿದ್ದೆ ನೋಡ್ರಿ.”

ಆದರೆ ನೀರಿನ ಮಾತು ಬಂದರೆ ಊರು ಅವನನ್ನು ನೋಡಿ ನಗುತ್ತಿರಲಿಲ್ಲ. ಗಾದೆಪ್ಪನ ಓಣಿ ಟ್ಯಾಂಕಿನ ಬುಡದಲ್ಲೇ ಇದೆ. ಮೊದಲು ತನ್ನ ಓಣಿಗೆ ಬಿಟ್ಟುಕೊಂಡರೆ ಕೇಳುವವರಾರು. ಆದರೂ ಅವನು ಊರ ತುದಿಯಲ್ಲಿ ಏರಿನ ಮೇಲಿರುವ ಮ್ಯಾಗಳ ಓಣಿಯಿಂದ ಶುರುಮಾಡಿ, ತನ್ನ ಓಣಿಯ ವಾಲ್ ಎಲ್ಲಕ್ಕಿಂತ ಕಡೆಗೆ ತೆರೆಯುತ್ತಿದ್ದ. ‘ಗಾದೆಪ್ಪನ ಮಾತು ಹತ್ತಕ್ಕ ಒಂದು ಖರೆ, ಗಾದೆಪ್ಪನ ನೀರು ಹತ್ತಕ್ಕ ಹತ್ತೂ ಖರೆ’ ಅನ್ನುವುದು ಕಟ್ಟೆಯ ಮೇಲಿನ ಮಾತು. ಈ ಮಾತಿನ ಮೊದಲರ್ಧವನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎರಡನೆಯ ಅರ್ಧವನ್ನು ಮಾತ್ರ ಯಾರೂ ಕಾಣದಂತೆ ಎದೆಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಅವನ ಹತ್ತಿರ ಇದ್ದ ಆಸ್ತಿ ಅದೊಂದೇ ಅಂದರೂ ತಪ್ಪಿಲ್ಲ.

ಹೋದ ವರ್ಷ ಆ ಊರಿಗೆ ಪೆಟ್ಟಿಗೆಗಳು ಬಂದವು.

ತಂದವಳು ಅಮೃತಾ, ಹರಪನಹಳ್ಳಿಯ ಹುಡುಗಿ, ಒಂದು ಸಣ್ಣ ಕಂಪನಿಯ ಇಂಜಿನಿಯರು. ಟ್ಯಾಂಕಿನ ನೆತ್ತಿಯ ಮೇಲೆ ಒಂದು ದೊಡ್ಡ ಪೆಟ್ಟಿಗೆ. ಓಣಿಯ ಬಾಯಲ್ಲಿ ಕಂಬಕ್ಕೊಂದು ಸಣ್ಣ ಪೆಟ್ಟಿಗೆ, ಬುತ್ತಿ ಡಬ್ಬಿಯಷ್ಟು. ಕೆಳಗೆ ವಾಲಿನ ತಲೆಗೆ ಟೋಪಿ ಹಾಕಿದಂತೆ ಒಂದು ಮೋಟರು. ಪಂಚಾಯ್ತಿ ಅಧ್ಯಕ್ಷೆ ಪಂಪಮ್ಮ ಗಾದೆಪ್ಪನ ಕೈಗೊಂದು ಫೋನು ಕೊಟ್ಟು, “ಗಾದೆಪ್ಪಣ್ಣ, ಇನ್ನ ಚಾವಿ ಹೊರೋದು ಬ್ಯಾಡ. ಪಾಳಿ ಪ್ರಕಾರ ಅದರಷ್ಟಕ್ಕ ಅದೇ ನೀರು ಬಿಡ್ತೈತಿ. ಹೆಚ್ಚುಕಮ್ಮಿ ಆದ್ರ ಇದರಾಗ ಬಟ್ಟು ಒತ್ತಿದ್ರ ವಾಲ್ ತೆರೀತೈತಿ. ನೋಡ್ಕೊಳಾದು ನಿನ್ನ ಕೆಲಸ” ಎಂದರು. ಪಂಪಮ್ಮನವರ ಮನೆತನ ತಲೆಮಾರುಗಳಿಂದ ವ್ಯಾಪಾರದ್ದು, ಮಾತನ್ನೂ ತೂಕ ಮಾಡಿಯೇ ಕೊಡುವವರು. ಆಳುದ್ದದ ಚಾವಿ ಅಂದಿನಿಂದ ಗಾದೆಪ್ಪನ ಹೆಂಡತಿ ಸುಂಕಮ್ಮನ ಪಾಲಾಯಿತು. ಅವಳು ಅದನ್ನು ಮರಿಗಳ ದೊಡ್ಡಿಯ ಬಾಗಿಲಿಗೆ ಅಗಳಿ ಮಾಡಿಕೊಂಡಳು.

ಅಮೃತಾ ಪೆಟ್ಟಿಗೆಗಳನ್ನು ಒಂದೇ ದಿನ ಹಾಕಲಿಲ್ಲ. ಇವತ್ತು ಒಂದು ಓಣಿ, ನಾಡಿದ್ದು ಇನ್ನೊಂದು, ಸಂತೆ ಕಳೆದ ಮೇಲೆ ಮತ್ತೊಂದು. ಗಾದೆಪ್ಪ ಅವಳ ಹಿಂದೆಯೇ ನಿಚ್ಚಣಿಕೆ ಹಿಡಿದು ತಿರುಗಿದ.

“ಏನವ್ವ, ಇವು ಒಳಗ ಏನ್ ಮಾಡ್ತಾವು?”

“ಹೆಚ್ಚಿಗಿ ನಿದ್ದೆ ಮಾಡ್ತವೆ ಅಜ್ಜಾರೆ. ಒಂದು ಸಣ್ಣ ಬ್ಯಾಟರಿ ಮೇಲೆ ವರ್ಷಗಟ್ಟಲೆ ಬದುಕ್ಬೇಕಲ್ಲ. ಆಗಾಗ ಎದ್ದು, ‘ನನ್ನ ಓಣೀಲಿ ನೀರು ಇಷ್ಟೈತೆ, ವಾಲ್ ಮುಚ್ಚೈತೆ’ ಅಂತ ಟ್ಯಾಂಕಿನ ಪೆಟ್ಟಿಗೆಗೆ ಹೇಳ್ತವೆ. ಅದು, ‘ಹೂಂ, ಕೇಳಿಸ್ತು. ಈಗ ವಾಲ್ ತೆರಿ’ ಅಂತ ಅಪ್ಪಣೆ ಕೊಡ್ತೈತೆ. ತೆರೆದು ಮತ್ತೆ ಮಲಗ್ತವೆ.”

“ಅಂದ್ರ ನಮ್ಮ ಪಂಚಾಯ್ತಿ ಮೆಂಬರು ಇದ್ದಂಗ ಬಿಡು. ಎದ್ದಾಗೊಮ್ಮೆ ಕೈ ಎತ್ತೋದು, ಮತ್ತ ಮಲಗೋದು. ದನಿ ಹೆಂಗೈತಿ ಇವಕ್ಕ?”

“ಪಿಸುಮಾತು ಅಜ್ಜಾರೆ. ನಮ್ಮ ಕಿವಿಗೆ ಕೇಳೋದೇ ಅಲ್ಲ.”

“ಪಿಸುಮಾತಿಗೆ ನೀರು ಬರ್ತೈತೇನವ್ವ? ನೀರು ಅಂದ್ರ ಕರದಂಗ ಬರಬೇಕು. ನಾನೊಮ್ಮೆ ಕೂಗಿದ್ದಕ್ಕ ತೆಲಿಗಿ ಬಸ್ಸು...”

“ಒಂದೇ ಒಂದು ನೆನಪಿಡ್ರಿ ಅಜ್ಜಾರೆ. ಇವಕ್ಕೆಲ್ಲ ದಾರಿ ಒಂದೇ. ಇಬ್ರು ಒಮ್ಮೆಗೇ ಮಾತಾಡಿದ್ರೆ...”

“...ಬ್ರೇಕ್ ಒತ್ತಿ ನಿಂತುಬಿಟ್ಟಿತು ನೋಡವ್ವ.”

“...ಮೇಲಿನ ಪೆಟ್ಟಿಗೆಗೆ ಯಾರದೂ ತಿಳಿಯಲ್ಲ.”

“ಡ್ರೈವರ್ ಕೆಳಗಿಳಿದ. ಸುತ್ತ ನರಮನಿಷಾ ಇಲ್ಲ.”

ಹುಡುಗಿ ನಕ್ಕು ನಿಚ್ಚಣಿಕೆ ಇಳಿದಳು. ತಾನು ಹೇಳಿದ್ದು ಅಜ್ಜನಿಗೆ ತಿಳಿಯಿತು ಅಂದುಕೊಂಡಳು. ಅಜ್ಜನೂ ತನ್ನ ಬಸ್ಸು ಹುಡುಗಿಗೆ ತಿಳಿಯಿತು ಅಂದುಕೊಂಡ. ಇಬ್ಬರೂ ಸಂತೋಷವಾಗಿ ಅವರವರ ದಾರಿ ಹಿಡಿದರು.

ಮಳೆಗಾಲವೆಲ್ಲ ಪೆಟ್ಟಿಗೆಗಳು ಹೇಳಿದಂತೆ ಕೇಳಿದವು. ಓಣಿಯಿಂದ ಓಣಿಗೆ ನೀರು ಗಡಿಯಾರ ಹಿಡಿದು ನಡೆಯಿತು. ಗಾದೆಪ್ಪನಿಗೆ ಕೆಲಸವಿಲ್ಲದೆ ಗಂಟಲು ತುಕ್ಕು ಹಿಡಿಯಿತು. ಟ್ಯಾಂಕಿನ ಕೆಳಗೆ ಕೂತು ಫೋನು ನೋಡುವನು. ಅದರಲ್ಲಿ ಹಸಿರು ಚುಕ್ಕಿಗಳು, ಓಣಿಗೊಂದು. “ನಮ್ಮಪ್ಪ ಕೆರಿ ಕಾದ, ನಾನು ವಾಲ್ ಕಾದೆ, ಈಗ ಚುಕ್ಕಿ ಕಾಯ್ತೀನಿ. ಕುರಿನಾದ್ರೂ ಕಾದಿದ್ರ ಬಾಡೂಟಕ್ಕಾಗ್ತಿತ್ತು” ಎಂದು ತನ್ನನ್ನೇ ಆಡಿಕೊಳ್ಳುವನು.

ಮಹಾನವಮಿ ಬಂತು. ಆಯುಧ ಪೂಜೆಯ ದಿನ ಆಯುಧಕ್ಕೆ ದುಡಿತ ಇಲ್ಲ. ನೇಗಿಲು, ಟ್ರ್ಯಾಕ್ಟರು, ಹೊಲಿಗೆ ಮಷಿನ್ನು, ಉಣ್ಣೆ ಕತ್ತರಿಸುವ ಕತ್ತರಿ, ಎಲ್ಲವೂ ಮೈ ತೊಳೆದುಕೊಂಡು ಕುಂಕುಮ ಹಚ್ಚಿಸಿಕೊಂಡು ಸುಮ್ಮನಿರಬೇಕು. ದುಡಿಸಿದರೆ ವರ್ಷವಿಡೀ ಮುನಿಸಿಕೊಳ್ಳುತ್ತವೆ. ಪ್ರತಿ ವರ್ಷ ಗಾದೆಪ್ಪ ತನ್ನ ಚಾವಿಗೆ ಪೂಜೆ ಮಾಡುತ್ತಿದ್ದ, ಹಿಂದಿನ ದಿನವೇ ಊರಿಗೆ ಎರಡು ದಿನದ ನೀರು ಬಿಟ್ಟುಬಿಡುತ್ತಿದ್ದ. ಈ ಸಲ ಯೋಚಿಸಿದ: ಚಾವಿ ಈಗ ಆಯುಧವಲ್ಲ, ಅಗಳಿ. ದುಡಿಯುವುದು ಪೆಟ್ಟಿಗೆಗಳು. ಪಾಪ, ಪಿಸುಗುಟ್ಟಿ ಪಿಸುಗುಟ್ಟಿ ದಣಿದಿರುತ್ತವೆ. ಅವಕ್ಕೂ ಒಂದು ದಿನ ರಜೆ ಬೇಡವೇ?

ಬೆಳಿಗ್ಗೆಯೇ ಓಣಿ ಓಣಿ ತಿರುಗಿ ಪೆಟ್ಟಿಗೆಗಳ ಸ್ವಿಚ್ಚು ಆರಿಸಿ, ಕೊಕ್ಕೆ ಬಿಡಿಸಿ ಇಳಿಸಿಕೊಂಡು ಬಂದ. ಕಟ್ಟೆಯ ಮೇಲೆ ಕಂಬಳಿ ಹಾಸಿ ಸಾಲಾಗಿ ಕೂರಿಸಿದ. ಒರೆಸಿ, ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಒಂದೊಂದರ ತಲೆಗೆ ಒಂದೊಂದು ಚೆಂಡು ಹೂವು ಏರಿಸಿದ. ನೋಡಲು ಬೀಗರು ಊಟಕ್ಕೆ ಕೂತ ಹಾಗಿತ್ತು. ಓಣಿಯವರೆಲ್ಲ ಬಂದರು. ಪಂಪಮ್ಮ ಬಂದರು. ಮ್ಯಾಗಳ ಓಣಿಯ ಯರ್ರೆಪ್ಪ ಬಂದ. ಅವನು ಗಾದೆಪ್ಪನ ಜೊತೆಗಾರ, ಚಡ್ಡಿ ಕಾಲದಿಂದ ಅವನ ಕಥೆ ಕೇಳುತ್ತ, ನಡುವೆ ಬಾಯಿ ಹಾಕುತ್ತ ಬೆಳೆದವನು.

ಸಂಜೆ ಮಂಗಳಾರತಿಯ ಹೊತ್ತಿಗೆ ಒಂದು ತೊಡಕು ಎದ್ದಿತು. ಮೊದಲು ಯಾವ ಓಣಿಯ ಪೆಟ್ಟಿಗೆಯ ಸ್ವಿಚ್ಚು ಹಚ್ಚಬೇಕು? ಅಧ್ಯಕ್ಷರ ಓಣಿಯದು ಅಂದರು ಕೆಲವರು. ದೇವರ ಗುಡಿಯ ಓಣಿಯದು ಅಂದರು ಕೆಲವರು. ಯರ್ರೆಪ್ಪ, “ದೂರದ್ದು ಮೊದ್ಲು, ನಮ್ದು” ಅಂದ. ಗಾದೆಪ್ಪ ಕೈಯೆತ್ತಿದ.

“ಯಾರದೂ ಮೊದ್ಲಲ್ಲ, ಯಾರದೂ ಕಡೀಗಲ್ಲ. ಓಣಿಗೊಬ್ರು ನಿಮ್ಮ ನಿಮ್ಮ ಪೆಟ್ಟಿಗಿ ಹಿಡ್ಕೊಳ್ರಿ. ನಾನು ‘ಹೋ’ ಅಂತೀನಿ. ಅಂದಕೂಡ್ಲೇ ಎಲ್ರೂ ಒಮ್ಮಿಗೇ ಸ್ವಿಚ್ ಒತ್ರಿ. ನೀರಿನ ಮುಂದ ಎಲ್ಲಾ ಓಣಿನೂ ಸಮ.”

ಊರು ತಲೆದೂಗಿತು. ಇಂಥ ತೀರ್ಪು ಕೊಡಲು ನೀರಗಂಟಿಯೇ ಬೇಕು ಅಂದರು ಪಂಪಮ್ಮ. ಸುಂಕಮ್ಮ ಕಾಯಿ ಒಡೆದಳು, ಗಾದೆಪ್ಪ ತಿಂಗಳುಗಟ್ಟಲೆ ಕಟ್ಟಿಟ್ಟಿದ್ದ ‘ಹೋ’ ಒಂದನ್ನು ಬಿಟ್ಟ. ಕಟ್ಟೆಯ ಮೇಲಿನ ಬೇವಿನ ಮರದಿಂದ ಕಾಗೆಯೊಂದು ಹಾರಲು ಮರೆತು ಉದುರಿತು. ಎಲ್ಲರೂ ಒಂದೇ ಉಸಿರಿಗೆ ಸ್ವಿಚ್ಚು ಒತ್ತಿದರು. ಮಂಡಕ್ಕಿ ಮಿರ್ಚಿ ಹಂಚಿಕೆಯಾಗಿ, ಹೂವಿನ ಸಮೇತ ಪೆಟ್ಟಿಗೆಗಳು ಕಂಬ ಸೇರಿದವು.

ಮರುದಿನ ಗಾದೆಪ್ಪನ ಓಣಿಗೆ ನೀರು ಬಂತು. ಬೇರೆ ಯಾರಿಗೂ ಬರಲಿಲ್ಲ.

ಅದರ ಮರುದಿನವೂ ಅಷ್ಟೇ. ಫೋನಿನಲ್ಲಿ ಎಲ್ಲ ಚುಕ್ಕಿಯೂ ಕೆಂಪು, ಒಂದು ಮಾತ್ರ ಹಸಿರು, ಅದು ಟ್ಯಾಂಕಿನ ಬುಡದ್ದು, ಗಾದೆಪ್ಪನದು. ಊರಿಗೆ ಹೋಗದೆ ಉಳಿದ ನೀರು ಟ್ಯಾಂಕು ತುಂಬಿ ಚೆಲ್ಲಿತು. ಚೆಲ್ಲಿದ್ದಾದರೂ ಬೇರೆ ಕಡೆ ಹರಿಯಬಾರದೇ, ಅದೂ ಅವನ ಓಣಿಗೇ ಇಳಿಯಿತು. ಸುಂಕಮ್ಮನ ಮರಿಗಳು ದೊಡ್ಡಿ ಬಿಟ್ಟು ಬೀದಿಯಲ್ಲೇ ನೀರು ಕುಡಿದವು. ಗಾದೆಪ್ಪ ಗಾಬರಿಯಾಗಿ ಫೋನು ಒತ್ತಿದ. ಒತ್ತಿದ್ದಕ್ಕೆ ಏನೂ ಆಗಲಿಲ್ಲವೆಂದು ಮತ್ತೆ ಒತ್ತಿದ. ಬೆರಳು ನೋವು ಬಂದಾಗ ಇನ್ನೊಂದು ಬೆರಳಿಂದ ಒತ್ತಿದ. ದೊಡ್ಡಿಯ ಅಗಳಿ ಕಿತ್ತುಕೊಂಡು ಹೋಗಿ ವಾಲ್ ತಿರುವಲು ನೋಡಿದ. ಮೋಟರಿನ ಟೋಪಿಯ ಮೇಲೆ ಚಾವಿ ಜಾರಿ ಅವನ ಹೆಬ್ಬೆರಳನ್ನೇ ತಿರುವಿತು.

ಯರ್ರೆಪ್ಪ ಖಾಲಿ ಕೊಡ ಹಿಡಿದು ಬಂದು ಬಾಗಿಲಲ್ಲಿ ನಿಂತ. ಹರಿಯುವ ನೀರು ನೋಡಿದ, ಒದ್ದೆ ಮರಿಗಳನ್ನು ನೋಡಿದ.

“ಭಾರಿ ಐತಲೇ ಗಾದ್ಯಾ. ನೀರಿನ ಮುಂದ ಎಲ್ಲಾ ಓಣಿನೂ ಸಮ ಅಂದಿ. ನಿನ್ನ ಓಣಿ ಸ್ವಲ್ಪ ಹೆಚ್ಚಿಗಿ ಸಮ ಆಗೈತಿ.”

“ಲೇ, ನಾನೇನೂ ಮಾಡಿಲ್ಲಲೇ. ಇದು ತಾನಾ ತಾನೇ...”

“ಹೂಂನಪಾ. ಆ ಹಡಗಲಿ ಹೆಣ್ಮಗಳು ತಾನಾ ತಾನೇ ಓ ಅಂದಂಗ.”

ಅಂದವನು ನಗಲಿಲ್ಲ. ಅದೇ ಗಾದೆಪ್ಪನಿಗೆ ಚುಚ್ಚಿದ್ದು. ಯರ್ರೆಪ್ಪ ಜೀವಮಾನದಲ್ಲಿ ಅವನ ಯಾವ ಸುಳ್ಳಿಗೂ ನಗದೆ ಇದ್ದವನಲ್ಲ. ಈಗ ಖರೆ ಹೇಳಿದರೆ ನಗುತ್ತಿಲ್ಲ. ಸುಂಕಮ್ಮ ಯರ್ರೆಪ್ಪನ ಕೊಡ ತುಂಬಿಸಿ ಕೊಟ್ಟಳು. ಅವನು ಹೊತ್ತುಕೊಂಡು ಹೋದ. ಅವನ ಹಿಂದೆ ಉಳಿದ ಓಣಿಯವರೂ ಕೊಡ ಹಿಡಿದು ಬಂದರು. ಗಾದೆಪ್ಪನ ನಳದ ಮುಂದೆ ಸಾಲು ನಿಂತಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದ. ಸುಮ್ಮನೆ ಕೊಡ ಇಟ್ಟರು, ತುಂಬಿಸಿಕೊಂಡರು, ಹೋದರು. ‘ಗಾದೆಪ್ಪನ ನೀರು ಹತ್ತಕ್ಕ ಹತ್ತೂ ಖರೆ’ ಅನ್ನುವ ಮಾತು ಅವರ ಕೊಡಗಳ ಜೊತೆಗೇ ತನ್ನ ಮನೆಯಿಂದ ಎದ್ದು ಹೋಗುತ್ತಿರುವ ಹಾಗೆ ಅವನಿಗೆ ಕಂಡಿತು.

ಮಧ್ಯಾಹ್ನ ಪಂಪಮ್ಮ ಬಂದರು. ತೂಕ ಮಾಡಿ ಒಂದೇ ಮಾತು ಕೊಟ್ಟರು: “ಗಾದೆಪ್ಪಣ್ಣ, ಮಂದಿ ಏನೇನೋ ಅನ್ನಾಕ ಹತ್ಯಾರ. ನಾನಂತೂ ನಂಬಿಲ್ಲ. ಆದ್ರ ನಾನೊಬ್ಬಾಕಿ ನಂಬದಿದ್ರ ಸಾಲಂಗಿಲ್ಲ, ಅವರೂ ನಂಬಬಾರ್ದು.”

ಗಾದೆಪ್ಪ ಅಮೃತಾಗೆ ಫೋನು ಹಚ್ಚಿದ. ಅವಳು ‘ಹಲೋ’ ಅನ್ನುವ ಮೊದಲೇ ಶುರುವಾಯಿತು. ಮಹಾನವಮಿ, ಕಂಬಳಿ, ಕಾಯಿ, ಕಾಗೆ, ಯರ್ರೆಪ್ಪನ ಕೊಡ, ಹೆಬ್ಬೆರಳು. ಅತ್ತ ಕಡೆಯಿಂದ ಅವಳು ಏನೋ ಕೇಳುತ್ತಿದ್ದಳು, ಇತ್ತ ಇವನು ಏನೋ ಹೇಳುತ್ತಿದ್ದ. ಉತ್ತರ ಬರಲಿಲ್ಲವೆಂದು ಮತ್ತೆ ಮೊದಲಿನಿಂದ ಹೇಳಿದ, ಇನ್ನೂ ಜೋರಾಗಿ. ಅವಳೂ ಮತ್ತೆ ಮೊದಲಿನಿಂದ ಕೇಳಿದಳು. ಸುಂಕಮ್ಮ ಕುರಿಯ ಕಿವಿ ಹಿಡಿದು ಎಳೆಯುವಂತೆ ಫೋನು ಕಿತ್ತುಕೊಂಡು, “ಹೂಂ ಅವ್ವ, ಹೇಳು” ಅಂದಳು. ಕೇಳಿದಳು. “ಆತು” ಎಂದು ಇಟ್ಟಳು.

“ಏನಂದ್ಳು?”

“ನಾಳಿಗೆ ಬರ್ತಾಳಂತ. ಅಲ್ಲೀತನ ಆ ಫೋನ್ ಒತ್ತಬ್ಯಾಡ ಅಂತ ಹೇಳು ಅಂದ್ಳು. ಇಷ್ಟು ಹೇಳಾಕ ಆಗ್ಲಿಂದ ಒದ್ದಾಡಾಕ ಹತ್ತಿದ್ದಳಂತ.”

ಮರುದಿನ ಅಮೃತಾ ಬಂದಳು. ಟ್ಯಾಂಕು ಹತ್ತಿ ಲ್ಯಾಪ್‌ಟಾಪು ತೆರೆದು ನೋಡಿದಳು, ಇಳಿದಳು, ಒಂದು ಕಂಬದ ಪೆಟ್ಟಿಗೆ ಬಿಚ್ಚಿದಳು. ಒಳಗಿಂದ ಬಾಡಿದ ಚೆಂಡು ಹೂವಿನ ಎಸಳು ಬಿತ್ತು. ಕಟ್ಟೆಯ ಮೇಲೆ ಊರು ನೆರೆದಿತ್ತು.

“ಅಜ್ಜಾರೆ, ಹಬ್ಬದ ದಿನ ಇವನ್ನೆಲ್ಲ ಹೆಂಗೆ ಹಚ್ಚಿದ್ರಿ?”

ಗಾದೆಪ್ಪನಿಗಿಂತ ಮೊದಲು ಊರೇ ಹೇಳಿತು. ‘ಹೋ’ ಅಂದದ್ದು, ಒಂದೇ ಉಸಿರಿಗೆ ಒತ್ತಿದ್ದು, ಎಲ್ಲ ಓಣಿ ಸಮ ಅಂದದ್ದು. ಕಾಗೆಯ ವಿಷಯ ಮಾತ್ರ ಗಾದೆಪ್ಪ ಸೇರಿಸಿದ.

ಅಮೃತಾ ಲ್ಯಾಪ್‌ಟಾಪು ಮುಚ್ಚಿದಳು. ಆಮೇಲೆ ಹೇಳಿದಳು. “ನಾನು ಇವನ್ನ ಒಂದೊಂದು ದಿನ ಒಂದೊಂದು ಹಾಕಿದ್ದೆ. ಅದಕ್ಕೇ ಒಂದೊಂದು ಒಂದೊಂದು ಹೊತ್ತಿಗೆ ಎದ್ದು ಮಾತಾಡ್ತಿದ್ದವು. ಒಂದಕ್ಕೊಂದು ಅಡ್ಡ ಬರ್ತಿರ್ಲಿಲ್ಲ. ನೀವು ಎಲ್ಲಾನೂ ಒಟ್ಟಿಗೆ ಎಬ್ಬಿಸಿದ್ರಿ. ಈಗ ಎಲ್ಲಾನೂ ಒಟ್ಟಿಗೆ ಏಳ್ತವೆ, ಒಟ್ಟಿಗೆ ಕೂಗ್ತವೆ. ಮೇಲಿನ ಪೆಟ್ಟಿಗೆಗೆ ಸಂತಿ ಗದ್ದಲ ಕೇಳಿದಂಗೆ ಆಗ್ತೈತೆ, ಯಾರಿಗೂ ಉತ್ತರ ಕೊಡಲ್ಲ. ಉತ್ತರ ಬರ್ಲಿಲ್ಲ ಅಂತ ಇವು ಕಾಯ್ತವೆ, ಎಲ್ಲಾ ಅಷ್ಟಷ್ಟೇ ಹೊತ್ತು ಕಾಯ್ತವೆ, ಮತ್ತೆ ಒಟ್ಟಿಗೇ ಕೂಗ್ತವೆ.”

“ಮತ್ತ ಇವನ ಓಣಿಗೆ ಹೆಂಗ ಬಂತು ನೀರು?” ಯರ್ರೆಪ್ಪ ಕೇಳಿದ. ಎಲ್ಲರಿಗೂ ಬೇಕಾಗಿದ್ದದ್ದು ಇದೇ.

“ಅದು ಟ್ಯಾಂಕಿನ ಬುಡದಲ್ಲೈತೆ. ಉಳಿದವೆಲ್ಲ ದೂರ, ಮೇಲೆ ಮುಟ್ಟೋ ಹೊತ್ತಿಗೆ ಹೆಚ್ಚುಕಮ್ಮಿ ಒಂದೇ ದನಿ. ಇದು ಹತ್ತಿರ ನಿಂತು ಕೂಗ್ತೈತಲ್ಲ, ಇದರ ದನಿ ಉಳಿದವನ್ನ ಮುಚ್ಚಿಹಾಕ್ತೈತೆ. ಇದೊಂದೇ ಕೇಳಿಸ್ತೈತೆ. ಅದರ ಮೇಲೆ ಅಜ್ಜಾರು ಫೋನ್ ಒತ್ತಿದ್ದಾರೆ. ಒತ್ತಿದಾಗೆಲ್ಲ ಮೇಲಿನ ಪೆಟ್ಟಿಗೆ ತಾನೂ ಕೂಗ್ತೈತೆ. ಕೂಗೋ ಹೊತ್ತಲ್ಲಿ ಅದಕ್ಕೆ ಕಿವಿ ಕೇಳಲ್ಲ.” ಬಿಚ್ಚಿದ ಪೆಟ್ಟಿಗೆಯ ಮುಚ್ಚಳ ಹಾಕುತ್ತ ಅಂದಳು, “ನಮ್ದೂ ತಪ್ಪೈತೆ. ಬಾಯಿ ತೆರಿಯೋಕ್ ಮುಂಚೆ ಬೇರೆ ಯಾರಾದ್ರೂ ಮಾತಾಡ್ತಿದಾರಾ ಅಂತ ಕಿವಿಗೊಟ್ಟು ಕೇಳೋದು, ಉತ್ತರ ಬರದಿದ್ರೆ ಒಂದೊಂದು ಒಂದೊಂದಷ್ಟು ಹೊತ್ತು ಕಾಯೋದು, ಅಷ್ಟು ಬುದ್ಧಿ ನಾವಿನ್ನೂ ಇವಕ್ಕೆ ಕೊಟ್ಟಿಲ್ಲ. ಬರೋ ತಿಂಗಳು ಹಾಕಿಕೊಡ್ತೀವಿ.”

ಸುಂಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಹತ್ರ ನಿಂತು ಜೋರಾಗಿ ಕೂಗೋದು. ಮಂದಿದು ಕೇಳದೆ ಇರಾದು. ತಾನು ಕೂಗೋ ಹೊತ್ತಿಗೆ ಕಿವಿ ಮುಚ್ಚಿರಾದು. ಯವ್ವಾ, ಇಂಥಾ ಪೆಟ್ಟಿಗಿ ಜೋಡಿ ನಾನು ಸಂಸಾರ ಮಾಡೀನಿ. ನಿಮ್ಮ ಕಂಪ್ನ್ಯಾಗ ಆ ಬುದ್ಧಿ ಹಾಕೋದಿದ್ರ ಇವಂಗೂ ಒಂದಿಷ್ಟು ಹಾಕಿಕೊಡು.”

ಕಟ್ಟೆ ನಕ್ಕಿತು. ಗಾದೆಪ್ಪನೂ ನಕ್ಕ. “ಹಾಕವ್ವ, ಹಾಕು. ಹಳೇ ಪೆಟ್ಟಿಗಿ, ತೆಗದ್ರ ಮುಚ್ಚಳ ಕೂಡಂಗಿಲ್ಲ, ಅಷ್ಟೇ” ಅಂದ. ಆದರೆ ಯರ್ರೆಪ್ಪನ ಮುಖ ಇನ್ನೂ ಅರ್ಧವೇ ಸಡಿಲಿತ್ತು. ಹುಡುಗಿ ಹೇಳಿದ್ದು ನಿಜವಿರಬಹುದು. ಆದರೆ ಮ್ಯಾಗಳ ಓಣಿಯ ನಳ ಇನ್ನೂ ಒಣಗಿತ್ತು.

ಅಂದಿನ ಮಟ್ಟಿಗೆ ಮಾಡುವುದು ಇಷ್ಟೇ. ಎಲ್ಲ ಪೆಟ್ಟಿಗೆಗಳನ್ನೂ ಆರಿಸಿ, ಒಂದೊಂದಾಗಿ ಎಬ್ಬಿಸಬೇಕು.

“ಒಂದನ್ನ ಹಚ್ಚಿ, ಸುಮ್ನೆ ನಿಂತ್ಕೊಳ್ರಿ ಅಜ್ಜಾರೆ. ನಾನು ಟ್ಯಾಂಕಿನ ಮೇಲೆ ಕೂತಿರ್ತೀನಿ. ಅದಕ್ಕೆ ಉತ್ತರ ಹೋದಮೇಲೆ ಟವಲು ಬೀಸ್ತೀನಿ. ಬೀಸೋ ತನಕ ಮುಂದಿನ ಪೆಟ್ಟಿಗೆ ಮುಟ್ಟಬ್ಯಾಡ್ರಿ.”

“ಟವಲ್ ಯಾಕವ್ವ, ಫೋನ್ ಮಾಡಿದ್ರಾಗಲ್ವ?”

“ಫೋನ್ ಬ್ಯಾಡ” ಅಂದರು ಅಮೃತಾ, ಸುಂಕಮ್ಮ, ಪಂಪಮ್ಮ ಮೂವರೂ.

ಯಾವ ಓಣಿ ಮೊದಲು ಎಂದು ಈ ಸಲ ಯಾರೂ ಕೇಳಲಿಲ್ಲ. ಗಾದೆಪ್ಪನೇ ಹೇಳಿದ: “ನಮ್ಮ ಓಣಿದು ಕಡೀಗೆ. ಯಾವಾಗಿನಂಗ.” ಅಲ್ಲಿ ನಿಂತಿದ್ದವರಲ್ಲಿ ಗುಡಿಯ ಓಣಿಯ ಕೆಂಚಕ್ಕ ಒಬ್ಬಳೇ ‘ಹೂಂ’ ಅಂದಳು, ಉಳಿದವರು ನೋಡೋಣ ಅನ್ನುವ ಹಾಗೆ ಟ್ಯಾಂಕಿನ ಕಡೆ ತಿರುಗಿದರು. ಪಾಳಿಯನ್ನು ಮಾತ್ರ ಅಮೃತಾ ಬದಲಿಸಿದಳು. ಟ್ಯಾಂಕಿನ ಕಡೆಯಿಂದ ಹತ್ತುತ್ತ ಹೋಗಿ ಮ್ಯಾಗಳ ಓಣಿ ಮುಟ್ಟಬೇಕು, ಅಲ್ಲಿಂದ ಇಳಿದು ಬಂದು ಕಡೆಗೆ ಗಾದೆಪ್ಪನ ಓಣಿಯದನ್ನು ಹಚ್ಚಬೇಕು.

ಆ ದಿನ ಕೆಂಚವ್ವನಹಾಳಿನವರು ಹಿಂದೆಂದೂ ನೋಡದ್ದನ್ನು ನೋಡಿದರು. ಗಾದೆಪ್ಪ ಕಂಬದ ಕೆಳಗೆ ಬಾಯಿ ಮುಚ್ಚಿಕೊಂಡು, ಕತ್ತೆತ್ತಿ ಟ್ಯಾಂಕಿನ ಕಡೆ ನೋಡುತ್ತ ನಿಂತಿದ್ದ. ಹಾದು ಹೋಗುವವರು ಮಾತಾಡಿಸಿದರೆ ಕೈ ಅಲ್ಲಾಡಿಸಿದ. ಕೆಂಚಕ್ಕ ಇವನಿಗೇನೋ ಆಗಿದೆಯೆಂದು ಒಳಗಿಂದ ಬೆಲ್ಲದ ನೀರು ತಂದು ಕುಡಿಸಿದಳು. ನಾಯಿಯೊಂದು ಬಂದು ಮೂಸಿ ನೋಡಿ, ಸಂಶಯ ತೀರದೆ, ಎದುರಿಗೇ ಕೂತಿತು. ಮಾತಿಲ್ಲದ ಮೈಗೆ ಏನೇನೋ ಕೇಳಿಸತೊಡಗಿತು: ಪೈಪಿನೊಳಗೆ ನೀರು ಏದುಸಿರು ಬಿಡುವುದು, ಯಾರ ಮನೆಯಲ್ಲೋ ರೊಟ್ಟಿ ಬಡಿಯುವುದು, ದೂರದಲ್ಲಿ ಸೋಮಪ್ಪ ಕುರಿ ಕರೆಯುವುದು. ಇಷ್ಟೆಲ್ಲ ಸದ್ದು ಊರಲ್ಲಿ ಯಾವಾಗಿನಿಂದ ಇದೆ ಎಂದು ಅವನಿಗೇ ಬೆರಗಾಯಿತು. ಮೇಲೆ ಟವಲು ಬೀಸಿತು, ಅವನು ಮುಂದಿನ ಓಣಿಗೆ ನಡೆದ.

ಮ್ಯಾಗಳ ಓಣಿಯ ಪೆಟ್ಟಿಗೆಯನ್ನು ಹಚ್ಚಿದಾಗ ಹೊತ್ತು ಬಹಳ ಏರಿತ್ತು. ಟವಲು ಬೀಸಿತು. ಕೆಳಗೆ ಮೋಟರು ಗುಂಯ್ಗುಟ್ಟಿತು. ಇದೊಂದು ಸಲ ಗಾದೆಪ್ಪನಿಗೆ ತಡೆಯಲಾಗಲಿಲ್ಲ. “ಬಂತೇನೋ” ಎಂದು ಕೂಗಿದ, ಆದರೂ ಸಣ್ಣಗೆ.

ಓಣಿಯ ಕಡೆಯ ಮನೆಯಿಂದ ಯರ್ರೆಪ್ಪನ ದನಿ ಬಂತು: “ಬಂತೋ.”

ಗಾದೆಪ್ಪ ಕಂಬಕ್ಕೆ ಕೈ ಊರಿಕೊಂಡು ನಿಂತ. ಯರ್ರೆಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದ, ಗಾದೆಪ್ಪನ ಹೆಗಲ ಮೇಲಿನ ಟವಲು ಹಿಡಿದು ಎಳೆದ. “ಬಾರಲೇ ಒಳಗ. ಮುಂಜಾನಿಂದ ಮೂಗ ಆಗಿ ಸಾಯಾಕ ಹತ್ತಿ. ಮಿರ್ಚಿ ಕರದಾರ.”

ಒಂದು ಮಿರ್ಚಿ ತಿಂದು ಇಳಿದುಬಿಡೋಣ ಎಂದು ಗಾದೆಪ್ಪ ಜಗಲಿಯ ಮೇಲೆ ಕೂತ. ಯರ್ರೆಪ್ಪ ಚಹಾ ಮುಂದಿಟ್ಟು, ಏನೂ ಗೊತ್ತಿಲ್ಲದವನ ಹಾಗೆ ಕೇಳಿದ: “ಅಲ್ಲಲೇ, ಆ ತೆಲಿಗಿ ಬಸ್ಸಿನ ಡ್ರೈವರ್ ಹರಪನಹಳ್ಳ್ಯಾಗ ತಾಯತ ಕಟ್ಟಿಸ್ಕೊಂಡ ಅಂದೆಲ್ಲ, ಆಮ್ಯಾಲೆ ಏನಾತು?”

ಮುಂಜಾನೆಯಿಂದ ಕಟ್ಟಿದ್ದ ಒಡ್ಡು ಒಡೆಯಿತು. ಆ ತಾಯತ ಕಟ್ಟಿದ ಸ್ವಾಮಿಯ ಕಥೆ ಬಂತು, ಸ್ವಾಮಿಯ ಕುದುರೆ ಅರಸೀಕೆರೆ ಸಂತೆಯಲ್ಲಿ ತಾನೇ ಹುಲ್ಲು ಚೌಕಾಸಿ ಮಾಡಿದ್ದು ಬಂತು, ಆ ಹುಲ್ಲು ಮಾರಿದವಳೇ ಹಡಗಲಿಯ ಮಲ್ಲಿಗೆ ಹೆಣ್ಣುಮಗಳ ಅಕ್ಕ ಎಂದು ಗೊತ್ತಾಯಿತು. ನೀರು ತುಂಬಿಸಿಕೊಂಡ ಓಣಿಯ ಹೆಂಗಸರು ಕೊಡ ಸೊಂಟಕ್ಕಿಟ್ಟುಕೊಂಡೇ ನಿಂತು ಕೇಳಿದರು. ಯರ್ರೆಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಟ್ಯಾಂಕಿನ ಮೇಲೆ ಅಮೃತಾ ಕಡೆಯ ಪೆಟ್ಟಿಗೆ ಏಳುವುದನ್ನು ಕಾದಳು, ಟವಲನ್ನು ತಲೆಗೆ ಹೊದ್ದುಕೊಂಡು ಕಾದಳು, ಬಿಸಿಲು ತಣ್ಣಗಾದಾಗ ಇಳಿದು ಪಂಪಮ್ಮನವರ ಮನೆಗೆ ಊಟಕ್ಕೆ ಹೋದಳು.

ದೀಪ ಹಚ್ಚುವ ಹೊತ್ತಿಗೆ ಸುಂಕಮ್ಮ ಎರಡು ಖಾಲಿ ಕೊಡ ಹೊತ್ತು ಏರು ಹತ್ತಿ ಮ್ಯಾಗಳ ಓಣಿಗೆ ಬಂದಳು. ಅವಳ ಹಿಂದೆ ಅವರ ಓಣಿಯ ಉಳಿದವರೂ ಕೊಡ ಹಿಡಿದು ಬಂದರು. ದಾರಿಯುದ್ದಕ್ಕೂ ಜನ ನೋಡಿದರು. ನೀರಗಂಟಿಯ ಹೆಂಡತಿ ಟ್ಯಾಂಕಿನ ಬುಡ ಬಿಟ್ಟು ಊರ ತುದಿಯ ನಳಕ್ಕೆ ಬಂದದ್ದು ಯಾರೂ ಕಂಡಿರಲಿಲ್ಲ. ಯಾರೋ ಹೋಗಿ ಪಂಪಮ್ಮನವರಿಗೆ ಹೇಳಿದರು, ಅವರೂ ಅಮೃತಾಳ ಜೊತೆ ಬಂದರು.

ಸುಂಕಮ್ಮ ಎರಡೂ ಕೊಡ ನಳದಲ್ಲಿ ತುಂಬಿಸಿಟ್ಟು, ಜಗಲಿಯ ಮೇಲೆ ಕುದುರೆಯ ಹುಲ್ಲಿನ ಕಥೆಯಲ್ಲೇ ಸಿಕ್ಕಿಕೊಂಡಿದ್ದ ಗಂಡನ ಪಕ್ಕ ಬಂದು ನಿಂತಳು. ಅವಳ ಮುಖ ನೋಡಿದ ಕೂಡಲೇ ಗಾದೆಪ್ಪನಿಗೆ ತನ್ನ ಓಣಿಯ ಪೆಟ್ಟಿಗೆ ನೆನಪಾಯಿತು. ಹಿಡಿದಿದ್ದ ಮಿರ್ಚಿ ಹಾಗೇ ಕೈಯಲ್ಲಿ ಉಳಿಯಿತು.

“ನೋಡ್ರಪಾ” ಅಂದರು ಪಂಪಮ್ಮ, ಊರಿಗೆಲ್ಲ ಕೇಳುವ ಹಾಗೆ. “ತನ್ನ ಓಣಿ ಕಡೀಗೆ ಅಂದಿದ್ದ. ಊರೆಲ್ಲ ಕುಡೀಲಿ ಅಂತ ತನ್ನ ಮನಿ ನಳ ಒಣಗಿಸ್ಯಾನ. ಹೆಂಡ್ತಿನ ಇಲ್ಲೀತನ ಕೊಡ ಹೊರಿಸ್ಯಾನ.”

“ಇವನ ಮ್ಯಾಲೆ ಸಂಶೇ ಪಟ್ಟೆನಲ್ರಿ ನಾನು” ಅಂದ ಯರ್ರೆಪ್ಪ.

“ಹತ್ತಕ್ಕ ಹತ್ತೂ ಖರೆ ಅಂತ ಹಿರೇರು ಸುಮ್ನ ಅಂದಾರೇನು” ಅಂದಳು ಕೆಂಚಕ್ಕ.

ಗಾದೆಪ್ಪನ ಮುಖ ಕೆಂಪಾಯಿತು. ಮುಳುಗಿಹೋಗಿದ್ದ ಹೆಸರು ತಾನಾಗಿ ತೇಲಿ ಬಂದು ಕಾಲ ಬಳಿ ನಿಂತಿದೆ, ಬಾಗಿ ಎತ್ತಿಕೊಂಡರೆ ಆಯಿತು. ಆದರೆ ಹತ್ತಕ್ಕೆ ಹತ್ತು ಎಂದು ಎಣಿಸುವಾಗ ಒಂದು ಸುಳ್ಳಾಗಿದ್ದರೆ ಲೆಕ್ಕ ಕೂಡುವುದಿಲ್ಲ. ಅವನು ಎದ್ದು ನಿಂತು ಬಾಯಿ ತೆರೆದ.

“ಇಲ್ರಿ ಅಮ್ಮಾರ, ಖರೆ ಹೇಳ್ತೀನಿ. ಬೇಕಂತ ಬಿಟ್ಟಿದ್ದಲ್ಲ, ಮರ್ತೆ. ಮಾತಿನ್ಯಾಗ ಮರ್ತೆ.”

ಆದರೆ ಅದೇ ಹೊತ್ತಿಗೆ ಪಂಪಮ್ಮ ಇನ್ನೊಂದು ಮಾತು ತೂಗುತ್ತಿದ್ದರು, ಯರ್ರೆಪ್ಪ ತನ್ನನ್ನೇ ಬೈದುಕೊಳ್ಳುತ್ತಿದ್ದ, ಕೆಂಚಕ್ಕ ಹಿರಿಯರನ್ನು ಎಣಿಸುತ್ತಿದ್ದಳು, ಓಣಿಯ ಹೆಂಗಸರೆಲ್ಲ ಒಬ್ಬರಿಗೊಬ್ಬರು ಹೇಳುತ್ತಿದ್ದರು. ಎಲ್ಲರೂ ಒಮ್ಮೆಗೇ. ಯಾರಿಗೂ ಕೇಳಿಸಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಇನ್ನೊಮ್ಮೆ ಹೇಳಿದರೂ ಅಷ್ಟೇ. ತೆಲಿಗಿಯ ಬಸ್ಸು ನಿಲ್ಲಿಸಿದ ದನಿ, ಜೀವಮಾನಕ್ಕೆ ಒಂದು ಖರೆ ಹೇಳಲು ಹೊರಟಾಗ ಜಗಲಿ ಇಳಿಯಲಿಲ್ಲ.

ಒತ್ತಿಕೊಂಡು ನಿಂತಿದ್ದ ಸುಂಕಮ್ಮನಿಗೆ ಮಾತ್ರ ಮುಟ್ಟಿತು. ಅವಳು ಅವನ ಕೈಯಿಂದ ಮಿರ್ಚಿ ತೆಗೆದು ಬಾಯಿಗೆ ಹಾಕಿಕೊಂಡಳು.

“ಹೂಂ, ಕೇಳಿಸ್ತು” ಅಂದಳು. “ಈಗ ಕೊಡ ಎತ್ತು.”

ಗಾದೆಪ್ಪ ಮಾತಿಲ್ಲದೆ ಎರಡು ಕೊಡಗಳನ್ನೂ ಎತ್ತಿಕೊಂಡು ಇಳಿಜಾರು ಹಿಡಿದ.